ಸಾಲಿನ ಕೊನೆಯ ಸೈಕಲ್ಲು

ಬಯಲುಸೀಮೆಯಲ್ಲಿ ಸೈಕಲ್ಲೆಂಬುದು ದುಡಿಮೆಯ ಒಡನಾಡಿ. ಹಾಲಿನ ಕ್ಯಾನು, ಮೇವಿನ ಹೊರೆ, ಅಂಚೆಯ ಚೀಲ, ಹಿಂದೆ ಕ್ಯಾರಿಯರಿನ ಮೇಲೆ ಮಗಳು, ಮುಂದೆ ಕೊಳವೆಯ ಮೇಲೆ ಮಗ, ಇಷ್ಟನ್ನೂ ಹೊತ್ತು ಅದು ಎಷ್ಟೋ ಸಂಸಾರಗಳನ್ನು ದಡ ಮುಟ್ಟಿಸಿದೆ. 2006-07ರಲ್ಲಿ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ಹಂಚಲು ಆರಂಭಿಸಿದಾಗ ಹಳ್ಳಿಯ ಅನೇಕ ಹೆಣ್ಣುಮಕ್ಕಳಿಗೆ ಪ್ರೌಢಶಾಲೆಯ ದಾರಿ ಹತ್ತಿರವಾಯಿತು. ವಿಜಯಪುರ, ಬಾಗಲಕೋಟೆಗಳ ಕ್ರೀಡಾನಿಲಯಗಳಲ್ಲಿ ಪಳಗಿದ ಯುವಕ ಯುವತಿಯರು ರಾಷ್ಟ್ರಮಟ್ಟದ ಪಂದ್ಯಗಳಲ್ಲಿ ಪದಕ ಗಳಿಸಿದ ಸಂಗತಿಯನ್ನೂ ಓದುಗರು ಬಲ್ಲರು. ಆದರೆ ದುಡಿಮೆಯೂ ಇಲ್ಲದೆ, ಪಂದ್ಯವೂ ಇಲ್ಲದೆ, ಭಾನುವಾರದ ನಸುಕಿನಲ್ಲಿ ಹತ್ತು ಹನ್ನೆರಡು ಮಂದಿ ದೊಡ್ಡವರು ಅರವತ್ತು ಕಿಲೋಮೀಟರು ತುಳಿದು ಹೊರಟಲ್ಲಿಗೇ ಮರಳುವುದೆಂದರೆ ನಮ್ಮ ಹಿರಿಯರು ನಕ್ಕಾರು.

ವಿಜಯಪುರದ ಕಡೆಯಿಂದ ವೃತ್ತಿನಿಮಿತ್ತ ಮಣಿಪಾಲಕ್ಕೆ ಬಂದು ನೆಲೆಸಿದ ಅಧ್ಯಾಪಕರೊಬ್ಬರಿಗೂ ಮೊದಲು ನಗುವೇ ಬಂದಿತ್ತು. ಬಾಲ್ಯದಲ್ಲಿ ಗಂಟೆಯ ಬಾಡಿಗೆಗೆ ಸೈಕಲ್ಲು ತಂದು, ಕೊಳವೆಯ ನಡುವೆ ಕಾಲು ತೂರಿಸಿ ಅರ್ಧ ಪೆಡಲು ತುಳಿದು ಕಲಿತವರು ಅವರು. ಈಗ ವಯಸ್ಸು ನಲವತ್ತಾರು. ರಕ್ತದಲ್ಲಿ ಸಕ್ಕರೆಯು ಮೇರೆಯ ಹತ್ತಿರ ಬಂದಿದೆಯೆಂದು ವೈದ್ಯರು ಎಚ್ಚರಿಸಿದ್ದರು. ಆದರೆ ಅದಕ್ಕಿಂತ ಹೆಚ್ಚಾಗಿ ಅವರನ್ನು ಕಾಡುತ್ತಿದ್ದುದು ಒಂಟಿತನ. ಹೆಂಡತಿ ಮಕ್ಕಳು ಓದಿನ ಕಾರಣದಿಂದ ಊರಲ್ಲೇ ಉಳಿದಿದ್ದರು. ಮಣಿಪಾಲವು ಒಂದು ಕಾಲಕ್ಕೆ ಬರಿಯ ಮುರಕಲ್ಲಿನ ಬೋಳು ಗುಡ್ಡ, ಡಾ. ಟಿ. ಎಂ. ಎ. ಪೈಯವರು 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಮೇಲೆ ಅಲ್ಲಿಗೆ ದೇಶದ ಮೂಲೆಮೂಲೆಗಳಿಂದ ಜನ ಬಂದರು. ಬಂದವರಲ್ಲಿ ಬಹುಮಂದಿ ಕೆಲವೇ ವರ್ಷ ಇದ್ದು ಹೋಗುವವರು. ಅಂಗಡಿಯಲ್ಲಿ ತುಳು, ನೆರೆಮನೆಯಲ್ಲಿ ಕೊಂಕಣಿ, ತರಗತಿಯಲ್ಲಿ ಇಂಗ್ಲಿಷು. ವಿಜಯಪುರದ ಗಂಡುಗನ್ನಡವನ್ನು ಮನಸಾರೆ ಆಡಲು ಅವರಿಗೆ ಉಳಿದದ್ದು ರಾತ್ರಿಯ ದೂರವಾಣಿಯೊಂದೇ.

ಹೀಗಿರುವಾಗ ಸಹೋದ್ಯೋಗಿಯೊಬ್ಬರ ಒತ್ತಾಯಕ್ಕೆ ಮಣಿದು, ಹಳೆಯದೊಂದು ರೇಸಿನ ಸೈಕಲ್ಲನ್ನು ಕೊಂಡು, ಸ್ಥಳೀಯ ಸವಾರರ ಕೂಟವನ್ನು ಸೇರಿದರು. ಅವರು ಬಾಲ್ಯದಲ್ಲಿ ತುಳಿದ ಸೈಕಲ್ಲಿನ ತೂಕ ಇಪ್ಪತ್ತು ಕಿಲೋ. ಇದರದು ಅದರ ಅರ್ಧ. ಚಕ್ರಗಳು ಬೆರಳಗಲ. ಹಿಡಿಕೆಯು ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿತ್ತು. ಬೆಳಗಿನ ಐದೂವರೆಗೆ ಮಣಿಪಾಲದ ವೃತ್ತದಲ್ಲಿ ನೆರೆದವರ ತಲೆಯ ಮೇಲೆ ಶಿರಸ್ತ್ರಾಣ, ಮುಂದೆ ಬಿಳಿಯ ದೀಪ, ಹಿಂದೆ ಕೆಂಪು ದೀಪ. ಹೊಸಬರಿಗೆ ಯಾರೂ ದೊಡ್ಡ ಉಪದೇಶ ಮಾಡಲಿಲ್ಲ. ಮುಂದಿನವನು ರಸ್ತೆಯ ಹೊಂಡವನ್ನು ಕೈ ಚಾಚಿ ತೋರಿಸುತ್ತಾನೆ, ಅದನ್ನು ನೀವು ಹಿಂದಿನವನಿಗೆ ತೋರಿಸಬೇಕು. ತಟ್ಟನೆ ಬ್ರೇಕು ಹಿಡಿಯಬಾರದು. ಚಕ್ರಕ್ಕೆ ಚಕ್ರ ತಾಗಿಸಬಾರದು. ಇಷ್ಟೇ. ಬಳಿಕ ಮುಂದಾಳು ‘ಪೋಯಿ’ ಎಂದರು. ಹೋಗೋಣ ಎಂಬುದಕ್ಕೆ ತುಳುವಿನಲ್ಲಿ ಹಾಗೆನ್ನುತ್ತಾರೆಂದು ತಿಳಿಯಲು ಅಧ್ಯಾಪಕರಿಗೆ ನಿಘಂಟು ಬೇಕಾಗಲಿಲ್ಲ, ಎಲ್ಲರೂ ಹೊರಟೇಬಿಟ್ಟಿದ್ದರು.

ಆ ದಿನದ ಸವಾರಿ ಕಾಪುವಿಗೆ. ಗುಡ್ಡವಿಳಿದು ಉಡುಪಿಯನ್ನು ದಾಟಿದರೆ ಉದ್ಯಾವರ, ಕಟಪಾಡಿ, ಪಾಂಗಾಳಗಳ ಮೂಲಕ ಸುಮಾರು ಹದಿಮೂರು ಕಿಲೋಮೀಟರು, ಬಹುಮಟ್ಟಿಗೆ ಸಮತಟ್ಟು. ಬಯಲುಸೀಮೆಯ ಕಾಲಿಗೆ ಸಮತಟ್ಟು ನೆಲವೆಂದರೆ ತವರು. ಉದ್ಯಾವರದ ಸೇತುವೆ ಕಳೆಯುತ್ತಲೇ ಅಧ್ಯಾಪಕರು ಸಾಲನ್ನು ಬಿಟ್ಟು ಮುಂದಕ್ಕೆ ಧಾವಿಸಿದರು. ಹಿಂದಿನವರು ತಡೆಯಲಿಲ್ಲ. ಕಟಪಾಡಿ ಬರುವಷ್ಟರಲ್ಲಿ ಏದುಸಿರು. ಪಾಂಗಾಳದಲ್ಲಿ ಇಡೀ ಸಾಲು, ಮಾತನಾಡಿಕೊಂಡೇ, ಅವರನ್ನು ಹಿಂದೆ ಹಾಕಿತು.

ಇದರಲ್ಲಿ ಮಾಯೆಯೇನೂ ಇಲ್ಲ. ಗಾಳಿಯ ತಡೆಯು ವೇಗದ ವರ್ಗದಂತೆ ಏರುತ್ತದೆ. ವೇಗ ಇಮ್ಮಡಿಯಾದರೆ ತಡೆ ನಾಲ್ಮಡಿ. ಸಮತಟ್ಟಿನಲ್ಲಿ ಸವಾರನ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದರಲ್ಲೇ ವ್ಯಯವಾಗುತ್ತದೆ. ಮುಂದಿನವನ ಬೆನ್ನ ಮರೆಯಲ್ಲಿ, ಒಂದು ಮೊಳದ ಅಂತರದಲ್ಲಿ ಸಾಗುವವನಿಗೆ ಗಂಟೆಗೆ ಮೂವತ್ತು ಕಿಲೋಮೀಟರು ವೇಗದಲ್ಲಿ ಹೆಚ್ಚುಕಡಿಮೆ ಕಾಲುಭಾಗದಷ್ಟು ಶ್ರಮ ಉಳಿಯುತ್ತದೆ. ಆದ್ದರಿಂದಲೇ ಸಾಲಿನ ತುದಿಯಲ್ಲಿರುವವನು ಕೆಲವು ನಿಮಿಷ ದುಡಿದು, ಪಕ್ಕಕ್ಕೆ ಸರಿದು, ಹಿಂದೆ ಬಂದು ಸೇರಿಕೊಳ್ಳುತ್ತಾನೆ. ಸರದಿ ತಪ್ಪಿಸುವವನನ್ನು ಯಾರೂ ಬೈಯುವುದಿಲ್ಲ, ಆದರೆ ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ಇನ್ನೊಬ್ಬರ ಬೆನ್ನ ಮರೆಯಲ್ಲಿ ಸಾಗುವುದು ಅಧ್ಯಾಪಕರಿಗೆ ಆರಂಭದಲ್ಲಿ ಅಪಮಾನದಂತೆ ಕಂಡಿತು. ವರ್ಷಗಟ್ಟಲೆ ತರಗತಿಯ ಮುಂದೆ ನಿಂತು ಅಭ್ಯಾಸವಾದವರಿಗೆ ಅದು ಸಹಜವೇ. ಕಾಪುವಿನ ಬಂಡೆಯ ಮೇಲೆ 1901ರಿಂದ ನಿಂತಿರುವ ದೀಪಸ್ತಂಭದ ಬುಡದಲ್ಲಿ ಅಲೆಗಳನ್ನು ನೋಡುತ್ತ ಕುಳಿತಾಗ ಯಾರೋ ಕೇಳಿದರು: “ಬಚ್ಚಿತಾ ಮಾಷ್ಟ್ರೆ?” ಬಚ್ಚುವುದು ಎಂದರೆ ದಣಿಯುವುದು ಎಂದು ಊಹಿಸಿಕೊಂಡು ಅವರು “ಇಲ್ರೀ” ಎಂದರು. ಯಾರೂ ನಂಬಲಿಲ್ಲ.

ಈ ಹೆದ್ದಾರಿಯ ವಿಷಯದಲ್ಲಿ ಒಂದು ಮಾತು ಹೇಳದೆ ಮುಂದುವರಿಯುವಂತಿಲ್ಲ. ಹಿಂದೆ 17 ಎಂಬ ಸಂಖ್ಯೆಯಿಂದ ಬಲ್ಲದ್ದು, ಈಗ 66 ಆಗಿ ನಾಲ್ಕು ಪಥಗಳಿಗೆ ಅಗಲವಾಗಿದೆ. ಅಗಲವಾದಂತೆ ವೇಗ ಹೆಚ್ಚಿತು. ವಿರುದ್ಧ ದಿಕ್ಕಿನಿಂದ ನುಗ್ಗುವ ಬೈಕುಗಳು, ಅಂಚಿನ ಮರಳು, ಕರಾವಳಿಯ ಹೆಸರಾಂತ ಎಕ್ಸ್‌ಪ್ರೆಸ್ ಬಸ್ಸುಗಳು, ಎಲ್ಲವೂ ಸೈಕಲ್ಲಿನವನ ಮೊಣಕೈಯನ್ನು ಸವರಿಕೊಂಡೇ ಸಾಗುತ್ತವೆ. ಸಾಲಿನ ಕೊನೆಯವನು “ಬಸ್ಸು!” ಎಂದು ಕೂಗಿದೊಡನೆ ಹನ್ನೆರಡು ಸೈಕಲ್ಲುಗಳು ಒಂದೇ ಗೆರೆಗೆ ಬರುವುದನ್ನು ನೋಡಿದವರಿಗೆ ಆ ಶಿಸ್ತು ಏತಕ್ಕೆಂದು ವಿವರಿಸಬೇಕಾಗಿಲ್ಲ. ರಸ್ತೆಯನ್ನು ಅಗಲಿಸಿದವರು ಸೈಕಲ್ಲಿಗೆಂದು ಒಂದು ಗಜ ಜಾಗವನ್ನು ಗೆರೆ ಎಳೆದು ಬಿಟ್ಟಿದ್ದರೆ ಶಾಲೆಗೆ ಹೋಗುವ ಮಕ್ಕಳಿಗೂ ಉಪಕಾರವಾಗುತ್ತಿತ್ತು.

ನಾಲ್ಕನೆಯ ಭಾನುವಾರ ಕಾರ್ಕಳದ ಸರದಿ. ಪರ್ಕಳದ ಇಳಿಜಾರನ್ನು ಇಳಿದು, ಹಿರಿಯಡಕದಲ್ಲಿ ಹೆಬ್ರಿ ಆಗುಂಬೆಗಳ ದಾರಿಯನ್ನು ಬಿಟ್ಟು ಬೈಲೂರಿನ ಮೇಲೆ ಸಾಗುವ ಈ ರಸ್ತೆ ಮೂವತ್ತು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಇಲ್ಲಿ ಗಾಳಿಯ ಲೆಕ್ಕ ನಡೆಯದು. ನೆಲವೇ ಏರಿ ಇಳಿದು ಪರೀಕ್ಷಿಸುತ್ತದೆ. ಒಂದು ದಿಣ್ಣೆ ಹತ್ತಿದೆನೆನ್ನುವಷ್ಟರಲ್ಲಿ ಕಂಗಿನ ತೋಟದ ಕಣಿವೆ, ಮತ್ತೆ ದಿಣ್ಣೆ. ಹೋಗುವಾಗ ತಂಪಿತ್ತು, ಉತ್ಸಾಹವಿತ್ತು. 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ ಗೊಮ್ಮಟನು ಬಂಡೆಯ ಮೇಲಿನಿಂದ ಕಂಡಾಗ ಕಾಲಿನ ನೋವು ಮರೆಯಿತು. ಪೇಟೆಯ ಹೋಟೆಲಿನಲ್ಲಿ ಬನ್ಸು, ಗೋಳಿಬಜೆ, ಚಹಾ. ಅಲ್ಲಿ ಒಂದೇ ಮೇಜಿನ ಸುತ್ತ ಶಸ್ತ್ರವೈದ್ಯರು, ಮಲ್ಪೆಯ ಮೀನುಗಾರರ ಮನೆಯ ಹುಡುಗ, ಗ್ಯಾರೇಜಿನ ಮೇಸ್ತ್ರಿ ಕುಳಿತಿದ್ದರು. ಯಾರ ಗೇರು ಏಕೆ ಕಿರುಗುಟ್ಟುತ್ತಿದೆ ಎಂಬುದರ ಹೊರತು ಅಲ್ಲಿ ಬೇರೆ ವಿಚಾರಣೆ ನಡೆಯಲಿಲ್ಲ.

ಕಷ್ಟ ಬಂದದ್ದು ಮರಳುವಾಗ. ಒಂಬತ್ತರ ಬಿಸಿಲಿಗೆ ಕರಾವಳಿಯ ಬೆವರು ಆರುವುದೇ ಇಲ್ಲ. ಅಧ್ಯಾಪಕರು ಸಂಕೋಚದಿಂದ ಒಂದೇ ಬನ್ಸು ತಿಂದಿದ್ದರು. ನೀರು ಹಿರಿಯಡಕದಲ್ಲೇ ಮುಗಿದಿತ್ತು. ಪರ್ಕಳದಿಂದ ಮಣಿಪಾಲಕ್ಕೆ ಏರುವ ಕೊನೆಯ ದಾರಿಯಲ್ಲಿ ಕೈ ನಡುಗಿತು, ಕಣ್ಣು ಮಂಜಾಯಿತು. ಸೈಕಲ್ಲಿನಿಂದ ಇಳಿದು ರಸ್ತೆಯ ಪಕ್ಕದ ಕಟ್ಟೆಯ ಮೇಲೆ ಕುಳಿತರು. ಉಳಿದವರು ತಿರುವಿನಲ್ಲಿ ಮರೆಯಾಗಿದ್ದರು. ಇನ್ನು ಈ ಹುಚ್ಚು ಸಾಕು, ಸಂಜೆಯೇ ಸೈಕಲ್ಲನ್ನು ಮಾರಿಬಿಡಬೇಕೆಂದು ಅವರು ನಿಶ್ಚಯಿಸಿದ್ದು ಆ ಕಟ್ಟೆಯ ಮೇಲೆಯೇ.

ಆದರೆ ಆ ಕೂಟದಲ್ಲಿ ಸದಾ ಎಲ್ಲರಿಗಿಂತ ಹಿಂದೆ ಬರುವವರೊಬ್ಬರಿದ್ದರು, ನಿವೃತ್ತ ಬ್ಯಾಂಕ್ ನೌಕರರು. ಅವರು ನಿಧಾನದ ಸವಾರರೆಂದೇ ಅಧ್ಯಾಪಕರು ಅಷ್ಟು ದಿನ ತಿಳಿದಿದ್ದರು. ಕೂಟದಲ್ಲಿ ಅತ್ಯಂತ ಬಲಿಷ್ಠರಾದವರನ್ನೇ ಕೊನೆಗೆ ಇಡುವುದು ವಾಡಿಕೆಯೆಂಬುದು ಅಂದು ತಿಳಿಯಿತು. ಅವರು ಜೇಬಿನಿಂದ ಬಾಳೆಹಣ್ಣು ತೆಗೆದುಕೊಟ್ಟರು, ಬೆಲ್ಲ ಕದಡಿದ ನೀರು ಕುಡಿಸಿದರು. ಆಮೇಲೆ ತಾವೂ ಕಟ್ಟೆಯ ಮೇಲೆ ಕುಳಿತು ಹೇಳಿದರು: “ಮಾಷ್ಟ್ರೆ, ಪಿಗ್ಮಿ ಗೊತ್ತುಂಟಲ್ಲ ನಿಮಗೆ? ದಿನಾ ಸ್ವಲ್ಪ ಸ್ವಲ್ಪ ಕಟ್ಟುವುದು. ಕಾಲಿನ ಶಕ್ತಿಯೂ ಹಾಗೆಯೇ ಮಾರಾಯ್ರೆ. ನೀವು ಒಂದೇ ದಿನ ಎಲ್ಲ ತೆಗೆಯಲಿಕ್ಕೆ ಹೋದ್ರಿ.” 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಆರಂಭಿಸಿದ ಪಿಗ್ಮಿ ಯೋಜನೆಯಲ್ಲಿ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ಆ ನೆಲದ ಮನುಷ್ಯರಿಗೆ ಆ ಉಪಮೆ ಹೊಳೆದದ್ದು ಸಹಜವೇ ಸರಿ. ದೊಡ್ಡ ಗೇರಿನಲ್ಲಿ ಬಲ ಹಾಕಿ ತುಳಿಯುವ ಬದಲು ಹಗುರ ಗೇರಿನಲ್ಲಿ ನಿಮಿಷಕ್ಕೆ ಎಂಬತ್ತು ಸುತ್ತು ತಿರುಗಿಸಬೇಕೆಂದೂ, ಹಸಿವಾಗುವ ಮೊದಲೇ ತಿನ್ನಬೇಕೆಂದೂ ಅವರು ಹೇಳಿಕೊಟ್ಟರು. ಗುಡ್ಡದ ನೆತ್ತಿಯಲ್ಲಿ ಉಳಿದ ಹತ್ತು ಮಂದಿಯೂ ಮರದ ನೆರಳಿನಲ್ಲಿ ಕಾಯುತ್ತಿದ್ದರು. ಎಷ್ಟು ಹೊತ್ತಾಯಿತೆಂದು ಒಬ್ಬರೂ ಗಡಿಯಾರ ನೋಡಲಿಲ್ಲ.

ಸೈಕಲ್ಲು ಮಾರಾಟವಾಗಲಿಲ್ಲ. ಜೂನ್ ತಿಂಗಳಲ್ಲಿ ಮಳೆ ಹಿಡಿಯಿತು. ಉಡುಪಿಯ ಮಳೆಗಾಲವೆಂದರೆ ನಾಲ್ಕು ತಿಂಗಳು ಆಕಾಶವೇ ಕಳಚಿ ಬಿದ್ದಂತೆ. ಚೈನಿಗೆ ಎಣ್ಣೆ ಬಿಡುತ್ತ, ತುಕ್ಕು ಒರೆಸುತ್ತ ಅಧ್ಯಾಪಕರು ಕಾದರು. ರಾತ್ರಿಯ ದೂರವಾಣಿಯಲ್ಲಿ ಹೆಂಡತಿಗೆ ಹೇಳಲು ಈಗ ಹೊಸ ಸುದ್ದಿಗಳಿದ್ದವು. “ಆ ಬಸ್ಸಿನ ರಸ್ತೇದಾಗ ಯಾಕ ಹೋಗ್ತೀರಿ?” ಎಂದು ಆಕೆ ಕೇಳುವುದನ್ನು ಬಿಡಲಿಲ್ಲ, ಆದರೂ ಊರಿಂದ ಬರುವ ಬುತ್ತಿಯಲ್ಲಿ ಶೇಂಗಾದುಂಡೆಗಳ ಸಂಖ್ಯೆ ಹೆಚ್ಚಿತು.

ಮುಂದಿನ ವರ್ಷದ ಚಳಿಗಾಲದಲ್ಲಿ ಒಂದು ಭಾನುವಾರ, ಬ್ಯಾಂಕಿನ ಹಿರಿಯರು ಮದುವೆಯೊಂದಕ್ಕೆ ಹೋಗಬೇಕಾಗಿ ಬಂದು, ಸಾಲಿನ ಕೊನೆಯ ಜಾಗವು ಅಧ್ಯಾಪಕರಿಗೆ ಬಂತು. ಅಂದು ಹೊಸದಾಗಿ ಸೇರಿದವಳು ಶುಶ್ರೂಷಾ ತರಬೇತಿಯ ವಿದ್ಯಾರ್ಥಿನಿ. ಪರ್ಕಳದ ಅದೇ ಏರಿನಲ್ಲಿ ಆಕೆಯ ಸೈಕಲ್ಲು ನಿಂತಿತು. ಅಧ್ಯಾಪಕರು ಇಳಿದು, ಶೇಂಗಾದುಂಡೆಯ ಪೊಟ್ಟಣವನ್ನು ಮುಂದೆ ಹಿಡಿದು, ಕಲಿತ ತುಳುವಿನಲ್ಲಿ “ಮೆಲ್ಲ ಬಲೆ” ಎಂದರು. ಕೇರಳದ ಆ ಹುಡುಗಿಗೆ ಮಾತು ತಿಳಿಯಲಿಲ್ಲ. ಎರಡು ಉಂಡೆ ತಿಂದಳು, ನೀರು ಕುಡಿದಳು. ಇಬ್ಬರೂ ಸೈಕಲ್ಲುಗಳನ್ನು ತಳ್ಳುತ್ತ ಏರು ಹತ್ತತೊಡಗಿದರು.