ಮಾರ್ಟಿನ್ ಮನೆಯ ಊಟ

ರಾಜಕೀಯದಲ್ಲಿ ಹೊಂದಿಕೆಯಾಗದ ಇಬ್ಬರ ಪ್ರೇಮಕಥೆ ಎಂದು ಗೆಳತಿ ಹೇಳಿದ್ದಕ್ಕೆ ಆ ಫ್ರೆಂಚ್ ಸಿನಿಮಾ ನೋಡಲು ಕೂತೆ. ಚುನಾವಣೆ ಬಂತೆಂದರೆ ನಮ್ಮ ಮನೆಯಲ್ಲೂ ಇಬ್ಬರ ಓಟು ಎರಡು ದಿಕ್ಕಿಗೆ. ಹಾಗಾಗಿ ಏನೋ ಕಲಿಯಲು ಸಿಕ್ಕೀತು ಎಂಬ ಆಸೆಯೂ ಇತ್ತು.

ಸಿನಿಮಾದ ಹೆಸರು ‘ಲ ನೊಂ ದೆ ಜಾಂ’, ಅಂದರೆ ‘ಜನರ ಹೆಸರು’. ಮಿಶೆಲ್ ಲೆಕ್ಲೆರ್ ನಿರ್ದೇಶಿಸಿದ್ದು, 2010ರದು. ಬಾಯಾ ಕಾಸ್ಮಿ ಜೊತೆ ಸೇರಿ ಅವರು ಬರೆದ ಚಿತ್ರಕಥೆಗೂ, ನಾಯಕಿ ಸಾರಾ ಫೊರೆಸ್ತಿಯೆಗೂ ಮರುವರ್ಷ ಸೇಜಾರ್ ಪ್ರಶಸ್ತಿ ಬಂತು. ಆ ನಟಿ ಬಾಹಿಯಾ ಬೆನ್‌ಮಹ್ಮೂದ್ ಆಗಿದ್ದಾಳೆ. ಅಲ್ಜೀರಿಯಾದಿಂದ ಬಂದ ಅಪ್ಪ, ಎಡಪಂಥದ ಫ್ರೆಂಚ್ ಅಮ್ಮ. ಬಲಪಂಥೀಯ ಗಂಡಸರನ್ನು ಹುಡುಕಿ ಹುಡುಕಿ, ಅವರ ಜೊತೆ ಮಲಗಿ, ಅವರ ಮನಸ್ಸನ್ನು ಎಡಕ್ಕೆ ಹೊರಳಿಸುವುದೇ ತನ್ನ ಹೋರಾಟ ಎಂದು ನಂಬಿದವಳು. ನಾಯಕ ಆರ್ಥರ್ ಮಾರ್ಟಿನ್ ಸತ್ತ ಹಕ್ಕಿಗಳನ್ನು ಪರೀಕ್ಷಿಸಿ ರೋಗ ಪತ್ತೆಹಚ್ಚುವ ತಜ್ಞ, ಅಳೆದು ತೂಗಿ ಮಾತಾಡುವವನು. ರೇಡಿಯೋದಲ್ಲಿ ಅವನು ಹಕ್ಕಿಜ್ವರದ ಬಗ್ಗೆ ಎಚ್ಚರಿಕೆ ಹೇಳುತ್ತಿದ್ದಾಗ ಇವಳು ಒಳಗೆ ನುಗ್ಗಿ, ಜನರನ್ನು ಯಾಕೆ ಹೆದರಿಸುತ್ತೀರಿ ಎಂದು ಜಗಳಕ್ಕೆ ನಿಲ್ಲುತ್ತಾಳೆ. ಅಲ್ಲಿಂದ ಪ್ರೇಮ ಶುರು.

ಎಡ, ಬಲ ಎಂಬ ರಾಜಕೀಯದ ಮಾತು ಹುಟ್ಟಿದ್ದೇ ಫ್ರಾನ್ಸಿನಲ್ಲಿ. 1789ರ ಕ್ರಾಂತಿಕಾಲದ ಸಭೆಯಲ್ಲಿ ಅರಸನ ಪರದವರು ಅಧ್ಯಕ್ಷರ ಬಲಕ್ಕೆ, ಎದುರು ನಿಂತವರು ಎಡಕ್ಕೆ ಕೂತರು. ಆದರೆ ಆರ್ಥರ್ ಬಲದವನೇ ಅಲ್ಲ. ಸಮಾಜವಾದಿ ಲಿಯೊನೆಲ್ ಜೊಸ್ಪಾಂಗೆ ಓಟು ಹಾಕಿದವನು. 2002ರ ಏಪ್ರಿಲ್ 21ರಂದು ಪ್ರಧಾನಿಯಾಗಿದ್ದ ಜೊಸ್ಪಾಂ ಅಧ್ಯಕ್ಷ ಚುನಾವಣೆಯ ಮೊದಲ ಸುತ್ತಿನಲ್ಲೇ, ತೀವ್ರ ಬಲಪಂಥದ ಲ ಪೆನ್‌ಗಿಂತ ಹಿಂದೆ ಬಿದ್ದು ಹೊರಬಿದ್ದರು. ಆ ಸೋತ ನಾಯಕ ಈ ಸಿನಿಮಾದಲ್ಲಿ ತಮ್ಮದೇ ಪಾತ್ರದಲ್ಲಿ ಬಂದು ನಟಿಸಿದ್ದಾರೆ. ಅವರ ಆ ದೊಡ್ಡ ಮನಸ್ಸು ನನಗೆ ಬಹಳ ಹಿಡಿಸಿತು.

ಹಾಗಾದರೆ ಇವರಿಬ್ಬರ ನಡುವೆ ಅಡ್ಡ ನಿಂತದ್ದು ಏನು? ಪಕ್ಷವಲ್ಲ, ಮನೆ, ಮನೆ ಕೊಟ್ಟ ಹೆಸರು. ಬಾಹಿಯಾ ಎಂದರೆ ಕೇಳಿದವರು ‘ಬ್ರೆಜಿಲ್ ಕಡೆಯವಳಾ?’ ಎನ್ನುತ್ತಾರೆ. ಆರ್ಥರ್ ಮಾರ್ಟಿನ್ ಎಂದರೆ ಎಲ್ಲರಿಗೂ ಆ ಹೆಸರಿನ ಅಡುಗೆ ಒಲೆ ನೆನಪಾಗುತ್ತದೆ. ಅಷ್ಟು ಸಾಧಾರಣ ಹೆಸರು ಅದು. ಆ ಹೆಸರಿನ ಹಿಂದೆ ಅವನಮ್ಮ ಅನೆಟ್ ಇದ್ದಾಳೆ. ಯಹೂದಿ ಮನೆಯವಳು, ಹುಟ್ಟು ಹೆಸರು ಕೊಹೆನ್. ಹೆತ್ತವರನ್ನು ನಾಜಿಗಳ ಆಶ್ವಿಟ್ಜ್ ಸಾವಿನ ಶಿಬಿರಕ್ಕೆ ಸಾಗಿಸಿದರು, ಮಗು ಬೇರೆ ಹೆಸರಿನಲ್ಲಿ ಅಡಗಿ ಉಳಿಯಿತು. ಆ ಮನೆಯಲ್ಲಿ ಈ ಮಾತು ಯಾರೂ ಎತ್ತುವುದಿಲ್ಲ. ಹೊಸದಾಗಿ ಬಂದ ಯಂತ್ರ, ಉಪಕರಣಗಳ ಬಗ್ಗೆ ಎಷ್ಟು ಬೇಕಾದರೂ ಮಾತಾಡಬಹುದು.

ಬಾಹಿಯಾ ಆ ಮನೆಗೆ ಊಟಕ್ಕೆ ಬರುತ್ತಾಳೆ. ಆ ವಿಷಯ ಮಾತ್ರ ಬೇಡ ಎಂದು ಆರ್ಥರ್ ಮೊದಲೇ ಕೇಳಿಕೊಂಡಿದ್ದಾನೆ. ಮನಸ್ಸಿಗೆ ಬಂದದ್ದನ್ನು ನುಂಗಿ ಗೊತ್ತಿಲ್ಲದ ಹುಡುಗಿ ಅವತ್ತು ನಿಜವಾಗಿಯೂ ಪ್ರಯತ್ನ ಪಡುತ್ತಾಳೆ. ತಡೆದಷ್ಟೂ ಅದೇ ಪದಗಳು ನಾಲಿಗೆಯ ತುದಿಗೆ ಬಂದು ನಿಲ್ಲುತ್ತವೆ, ಒಂದೊಂದಾಗಿ ಜಾರುತ್ತವೆ. ನಾನು ನಗುತ್ತಿದ್ದೆ, ಗಂಟಲು ಕಟ್ಟಿಕೊಂಡಿತ್ತು. ಬಾಹಿಯಾಳ ಅಪ್ಪನೂ ಇಂಥವನೇ. ಫ್ರಾನ್ಸಿನ ವಿರುದ್ಧದ ಅಲ್ಜೀರಿಯಾದ ಸ್ವಾತಂತ್ರ್ಯ ಯುದ್ಧದಲ್ಲಿ ತನ್ನವರನ್ನು ಕಳೆದುಕೊಂಡವನು, ಕೈಯಲ್ಲಿ ಚಿತ್ರ ಬರೆಯುವ ಕಲೆ ಇಟ್ಟುಕೊಂಡು ಬದುಕೆಲ್ಲ ಬೇರೆಯವರ ಮನೆಯ ಮುರಿದ ಸಾಮಾನು ರಿಪೇರಿ ಮಾಡುತ್ತಾ ಕಳೆದವನು.

ಫ್ರಾನ್ಸಿನ ಸರ್ಕಾರವೂ ಬಾಯಿ ಬಿಡಲು ಹೊತ್ತು ತೆಗೆದುಕೊಂಡಿತು. 1942ರ ಜುಲೈಯಲ್ಲಿ ಎರಡೇ ದಿನದಲ್ಲಿ ಸುಮಾರು 13,000 ಯಹೂದಿಗಳನ್ನು ಪ್ಯಾರಿಸ್ ಸುತ್ತಮುತ್ತ ಹಿಡಿದದ್ದು ಫ್ರೆಂಚ್ ಪೊಲೀಸರೇ. ಆ ತಪ್ಪು ಫ್ರಾನ್ಸಿನದು ಎಂದು ಅಧ್ಯಕ್ಷ ಶಿರಾಕ್ ಒಪ್ಪಿಕೊಂಡದ್ದು 1995ರಲ್ಲಿ. 1954ರಿಂದ 62ರವರೆಗೆ ಅಲ್ಜೀರಿಯಾದಲ್ಲಿ ನಡೆದದ್ದನ್ನು ‘ಯುದ್ಧ’ ಎಂದು ಕಾನೂನಿನಲ್ಲಿ ಬರೆದದ್ದು 1999ರಲ್ಲಿ. ಇದನ್ನು ತಿಳಿದ ಮೇಲೆ ಅನೆಟ್‌ಳ ಮೌನದ ಬಗ್ಗೆ ನನಗೆ ಒಂದಿಷ್ಟೂ ಸಿಟ್ಟು ಉಳಿಯಲಿಲ್ಲ.

ಚಿತ್ರದಲ್ಲಿ ಇನ್ನೊಂದು ಸಂಗತಿ ಇದೆ. ಅಪ್ಪನನ್ನು ಯುವಕನಾಗಿ ಕಲ್ಪಿಸಿಕೊಳ್ಳಲು ಆರ್ಥರ್‌ಗೆ ಆಗುವುದೇ ಇಲ್ಲ. ಹಾಗಾಗಿ ಹಿಂದಿನ ಕಾಲದ ದೃಶ್ಯಗಳಲ್ಲೂ ಅದೇ ಮುದುಕ, ಅದೇ ನೆರಿಗೆ ಬಿದ್ದ ಮುಖ. ಸಿನಿಮಾ ಮುಗಿದ ಮೇಲೂ ಆ ಮುಖ ಕಣ್ಣಿನಿಂದ ಹೋಗಲಿಲ್ಲ. ತೀರಿಹೋದ ನಮ್ಮಪ್ಪನನ್ನು ಇಪ್ಪತ್ತರ ಹುಡುಗನಾಗಿ ನೆನೆಯಲು ನೋಡಿದೆ. ಬಂದದ್ದು ಕನ್ನಡಕ ಹಾಕಿಕೊಂಡು ವರಾಂಡದಲ್ಲಿ ಕೂತ ಅಪ್ಪನೇ.

ಮಾರನೆಯ ದಿನ ಊರಿಗೆ ಫೋನ್ ಮಾಡಿದೆ. ‘ಅಮ್ಮಾ, ಮದುವೆಗೆ ಮುಂಚೆ ಅಪ್ಪ ಹೇಗಿದ್ರು?’ ಅಮ್ಮ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ‘ಒಲೆ ಮೇಲೆ ಹಾಲಿದೆ, ಇಳಿಸಿ ಬರ್ತೀನಿ, ಫೋನ್ ಇಡಬೇಡ’ ಎಂದರು.