ಸೋಲದೆ ಉಳಿದ ಪೆರೂಜ್

ಫ್ರಾನ್ಸಿನ ಲಿಯೋನ್ ನಗರದ ಈಶಾನ್ಯಕ್ಕೆ, ಗುಡ್ಡದ ನೆತ್ತಿಯ ಮೇಲೆ ಪೆರೂಜ್ ಎಂಬ ಕೋಟೆಯೂರಿದೆ. 1468ರಲ್ಲಿ ಡೋಫಿನೇ ಪ್ರಾಂತದ ಸೇನೆ ಮುತ್ತಿಗೆ ಹಾಕಿದಾಗ ಊರಿನವರು ಮಣಿಯಲಿಲ್ಲ. ಆ ಹೆಮ್ಮೆಯನ್ನು ಕೆಳಗಣ ಹೆಬ್ಬಾಗಿಲಲ್ಲಿ ಲ್ಯಾಟಿನ್ ಶಾಸನವಾಗಿ ಕೆತ್ತಿಸಿದ್ದಾರೆ. ಶತ್ರುವಿಗೆ ಬಗ್ಗದ ಈ ನೇಕಾರರ ಊರನ್ನು ಬಗ್ಗಿಸಿದವು ಯಂತ್ರಗಳು, ಮತ್ತು ಊರನ್ನು ಬಿಟ್ಟು ಬೇರೆಡೆ ಹಾದುಹೋದ ರೈಲುದಾರಿ! ಮಗ್ಗಗಳ ಸದ್ದಡಗಿತು. ಸಾವಿರಕ್ಕೂ ಮಿಕ್ಕಿ ಜನರಿದ್ದ ಕೋಟೆಯೊಳಗೆ ಇಪ್ಪತ್ತನೆಯ ಶತಮಾನದ ಮೊದಲಿಗೆ ನೂರು ಮಂದಿಯೂ ಉಳಿಯಲಿಲ್ಲ. ಪಾಳುಬಿದ್ದ ಮನೆಗಳನ್ನು ಒಡೆಯರೇ ಕೆಡವತೊಡಗಿದರು. ಊರು ಕಣ್ಮರೆಯಾಗುವುದರಲ್ಲಿತ್ತು. ಆಗ, 1911ರಲ್ಲಿ, ರಕ್ಷಣಾ ಸಮಿತಿಯೊಂದು ಹುಟ್ಟಿತು. ಲಿಯೋನಿನ ಮೇಯರ್ ಎದುವಾರ್ ಎರಿಯೋ ಅದರ ಬೆನ್ನಿಗೆ ನಿಂತರು. ಹರಳುಗಲ್ಲಿನ ಬೀದಿಗಳು ಉಳಿದುಕೊಂಡವು. 1792ರಲ್ಲಿ ಕ್ರಾಂತಿಯ ಸ್ವಾತಂತ್ರ್ಯವೃಕ್ಷವೆಂದು ನೆಟ್ಟ ಲಿಂಡನ್ ಮರದಿಂದಲೇ ಅಲ್ಲಿನ ಚೌಕಕ್ಕೆ ಹೆಸರು. ಬಂದವರಿಗೆ ಬೆಣ್ಣೆ, ಸಕ್ಕರೆ, ನಿಂಬೆಸಿಪ್ಪೆಯ ಪರಿಮಳದ ತೆಳುವಾದ ‘ಗಾಲೆತ್’ ಒಲೆಯಿಂದ ಬಿಸಿಬಿಸಿಯಾಗಿಯೇ ದೊರೆಯುತ್ತದೆ.