ಚೀಲದ ಮೇಲಿನ ಕನ್ನಡ

ನಮ್ಮ ತೀರ್ಥರೂಪರು ಗದಗಿನ ಕಡೆಯಿಂದ ಪುಣೆಗೆ ಬಂದು, ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿನ ಬೆಲ್ಲದ ಅಂಗಡಿಯೊಂದರಲ್ಲಿ 23 ವರ್ಷ ದಿವಾಣಜಿಯಾಗಿ ಲೆಕ್ಕ ಬರೆದವರು. ಆ ದಿನಗಳ ನೆನಪನ್ನು ಅವರು ಈ ಪತ್ರಿಕೆಗೇ ಬರೆದುಕೊಟ್ಟಿದ್ದುಂಟು. ಸಂಚಿಕೆ ಪಿಡಿಎಫ್ ರೂಪದಲ್ಲಿ ನಮ್ಮ ಮೊಬೈಲಿಗೆ ಬಂತು. ಕಣ್ಣಿಗೆ ಪೊರೆ ಬಂದಿದ್ದರಿಂದ ಅವರು 13 ವರ್ಷದ ಮೊಮ್ಮಗಳನ್ನು ಕರೆದು, ‘ಓದವ್ವಾ, ಏನ್ ಅಚ್ಚು ಹಾಕ್ಯಾರ ಕೇಳೂಣು’ ಎಂದರು.

ಹುಡುಗಿ ನಾಲ್ಕು ಸಾಲು ತಡವರಿಸಿ, ‘ಮಾರ್ಕೆಟ್’ ಎಂಬಲ್ಲಿ ‘ಮಾಕೆ ಒಂಬತ್ತು’ ಎಂದು ನಿಂತುಬಿಟ್ಟಳು. ಮುದುಕರು ಬೈಯಲಿಲ್ಲ. ‘ನಮ್ಮ ಮನ್ಯಾಗ ಕನ್ನಡ ಇಷ್ಟಕ್ಕ ಮುಗೀತು’ ಎಂದು ಗೋಡೆಯ ಕಡೆ ಹೊರಳಿ ಮಲಗಿದರು. ಬೈದವರು ನಾವು. ಬೇಸಿಗೆ ರಜೆಗಳಲ್ಲಿ ಅವಳಿಗೆ ಅಕ್ಷರ ಕಲಿಸಿದವರೂ ನಾವೇ ಆದ್ದರಿಂದ, ಸಿಟ್ಟಿನಲ್ಲಿ ಸ್ವಂತ ಅಭಿಮಾನದ ಪಾಲೂ ಇತ್ತೆನ್ನಬೇಕು.

ಆಮೇಲೆ ಕಚೇರಿಗೆ ರಜೆಯಿದ್ದ ಒಂದು ದಿನ ಮೆಣಸಿನಕಾಯಿ ತರಲು ಅವಳೊಡನೆ ಯಾರ್ಡಿನ ಭುಸಾರ ಪೇಟೆಗೆ ಹೋದೆವು. ಒಟ್ಟಿದ ಚೀಲಗಳ ಮೇಲಿನ ದಪ್ಪ ಅಕ್ಷರಗಳನ್ನು ಅವಳು ನಡೆಯುತ್ತಲೇ, ‘ಬ್ಯಾಡಗಿ... ಒಣ ಮೆಣಸಿನಕಾಯಿ... ನಿವ್ವಳ ತೂಕ...’ ಎಂದು ಸರಾಗವಾಗಿ ಓದುತ್ತ ಬಂದಳು! ‘ಅಜ್ಜನ ಮುಂದ ಯಾಕ ಬರಲಿಲ್ಲ?’ ಎಂದೆವು.

‘ಓದಾಕ ಬರ್ತೈತಿ ಅಪ್ಪಾ. ಮೊಬೈಲಿನ್ಯಾಗ ಅಕ್ಷರಾನ ಕಾಣವಲ್ಲವು.’

ಮನೆಗೆ ಬಂದು ಆ ಪುಟವನ್ನು ಅವಳ ಕಣ್ಣಿನಿಂದ ನೋಡಿದೆವು. ದೊಡ್ಡ ಕಾಗದಕ್ಕೆಂದು ಎರಡು ಅಂಕಣದಲ್ಲಿ ಜೋಡಿಸಿದ ಪುಟ ಅಂಗೈಯಗಲಕ್ಕೆ ಕುಗ್ಗಿದೆ. ಹಿಗ್ಗಿಸಿದರೆ ಸಾಲು ಪರದೆಯಾಚೆ ಓಡುತ್ತದೆ. ಬೆರಳಿನಿಂದ ಎಳೆದು ತರುವಷ್ಟರಲ್ಲಿ ಯಾವ ಸಾಲಿನಲ್ಲಿದ್ದೆವೆಂಬುದೇ ಮರೆವು. ಸಾಲುಗಳು ಎಷ್ಟು ಒತ್ತಾಗಿವೆಯೆಂದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಉದ್ದದ ಪದವನ್ನು ಒಡೆದು ಅಡ್ಡಗೆರೆ ಹಾಕಿ ಮುಂದಿನ ಸಾಲಿಗೆ ದಾಟಿಸುತ್ತಿದ್ದರು. ಇಲ್ಲಿ ಅದಿಲ್ಲ, ಎರಡೂ ಅಂಚು ನೆಟ್ಟಗಿರಬೇಕೆಂದು ಪದಗಳ ನಡುವೆ ಹಳ್ಳ ತೋಡಿದೆ. ಇನ್ನು ಅರ್ಕಾವತ್ತು: ಮರಾಠಿಯಲ್ಲಿ ಆ ರಕಾರ ಅಕ್ಷರದ ನೆತ್ತಿಯ ಮೇಲೆ ಕೂರುತ್ತದೆ, ಕನ್ನಡದಲ್ಲಿ ಪಕ್ಕಕ್ಕೆ ಬಂದು ನಿಲ್ಲುತ್ತದೆ, ಅದೂ ಥೇಟು ೯ರ ಹಾಗೆ. ದಿನವೂ ಮರಾಠಿ ಓದುವ ಹುಡುಗಿ ಒಂಬತ್ತೆಂದದ್ದು ತಪ್ಪೇ?

ನಮ್ಮಂಥವರು ಪದವನ್ನು ಅದರ ಚಹರೆಯಿಂದಲೇ ಗುರುತಿಸುತ್ತೇವೆ. ಅರ್ಧ ಅಳಿಸಿದ್ದರೂ ನಡೆದೀತು. ಅವಳು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವವಳು. ಕನ್ನಡ ಶಾಲೆಯ ಮಕ್ಕಳಿಗೇ ಅಕ್ಷರಗಳೆಲ್ಲ ಕೈವಶವಾಗಲು ಕೆಲವಾರು ವರ್ಷ ಹಿಡಿಯುತ್ತದೆಂದು ಸೊನಾಲಿ ನಾಗ್ ಅವರು 2007ರ ತಮ್ಮ ಅಧ್ಯಯನದಲ್ಲಿ ತೋರಿಸಿದ್ದಾರೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತು, ನಿಜ. ಆದರೆ ಸಾಲಿನ ನಡುವೆ ಜಾಗ ಬಿಡಬೇಕಾದವರು ಪುಟ ಕಟ್ಟುವವರು. ಕಚೇರಿಯಲ್ಲಿ ಹತ್ತು ವರ್ಷ ಸುತ್ತೋಲೆಗಳನ್ನು ಇರುಕಿ ಟೈಪು ಮಾಡಿದ ನಮಗೆ ಇದು ಇಷ್ಟು ದಿನ ಹೊಳೆಯಲಿಲ್ಲ!

ಅಂದೇ ರಾತ್ರಿ ಕೂತು ಲೇಖನವನ್ನು ಮತ್ತೆ ಟೈಪು ಮಾಡಿದೆವು: ಒಂದೇ ಅಂಕಣ, ದೊಡ್ಡ ಅಕ್ಷರ, ಸಾಲುಗಳ ನಡುವೆ ಧಾರಾಳ ಅಂತರ, ಬಲ ಅಂಚು ಅದರ ಇಷ್ಟದಂತೆ. ಮರುದಿನ ಸಂಜೆ ಅವಳು ಅಜ್ಜನ ಬಳಿ ಕೂತು ಓದಿದಳು. ನಿಧಾನವೇ, ಆದರೆ ನಿಲ್ಲಲಿಲ್ಲ. ‘ಮಾರ್ಕೆಟ್’ ಕೂಡ ದಾಟಿತು. ಮುದುಕರು ಕಣ್ಣು ಮುಚ್ಚಿ ಕೇಳುತ್ತಿದ್ದವರು ತಟ್ಟನೆ ಎದ್ದು ಕೂತರು.

‘ಇಪ್ಪತ್ತೆರಡಲ್ಲವ್ವಾ, ಇಪ್ಪತ್ಮೂರು ವರ್ಷ! ಅಚ್ಚಿನವರು ತಪ್ಪು ಹಾಕ್ಯಾರ.’

ತಪ್ಪು ಅಚ್ಚಿನವರದಲ್ಲ, ನಮ್ಮ ಟೈಪಿನದು. ನಾವು ಸುಮ್ಮನಿದ್ದೆವು.